ಬ್ಯಾಟರಿಗೆ ಹಲ್ಲಿಲ್ಲ

ಈ ವರ್ಷದ ಜನವರಿಯಲ್ಲಿ ನಮ್ಮ ಎಲೆಕ್ಟ್ರಿಕ್ ಕಾರಿನ ಸಾಲದ ಅರವತ್ತನೆಯ ಕಂತು ಮುಗಿಯಿತು. ಬ್ಯಾಂಕಿನಿಂದ ಎನ್‌ಒಸಿ ಮತ್ತು ಫಾರ್ಮ್ 35 ತಂದು, ವಿಜಯಪುರದ ಆರ್‌ಟಿಒ ಕಚೇರಿಯಲ್ಲಿ ಅರ್ಜಿ ಕೊಟ್ಟು, ಆರ್‌ಸಿಯಿಂದ ಬ್ಯಾಂಕಿನ ಹೆಸರನ್ನು ತೆಗೆಸಿದೆವು. ಕಾರು ಪೂರ್ತಿಯಾಗಿ ನಮ್ಮದಾದ ಆ ವಾರವೇ, ಅದನ್ನು ಇಟ್ಟುಕೊಳ್ಳಬೇಕೋ, ಮಾರಬೇಕೋ, ಷೋರೂಮಿಗೆ ಕೊಟ್ಟು ಹೊಸದನ್ನು ತರಬೇಕೋ ಎಂಬ ಪ್ರಶ್ನೆ ಮನೆಯಲ್ಲಿ ಎದ್ದಿತು. ಎರಡು ತಿಂಗಳು ಆ ಪ್ರಶ್ನೆ ನಮ್ಮ ಊಟದ ಹೊತ್ತಿನ ಮಾತಾಯಿತು. ನಾನು ರಸಾಯನಶಾಸ್ತ್ರ ಕಲಿಸುವವಳು. ಬ್ಯಾಟರಿಯ ಬಗ್ಗೆ ತರಗತಿಯಲ್ಲಿ ಹೇಳುವುದಕ್ಕೂ ನಮ್ಮದೇ ಲಕ್ಷಾಂತರ ರೂಪಾಯಿಯ ಬ್ಯಾಟರಿಯ ಬಗ್ಗೆ ತೀರ್ಮಾನ ಮಾಡುವುದಕ್ಕೂ ಎಷ್ಟು ಅಂತರವಿದೆ ಎಂಬುದು ನನಗೆ ಆಗ ತಿಳಿಯಿತು.

2021ರ ಜನವರಿಯಲ್ಲಿ ಈ ಕಾರನ್ನು ಕೊಂಡಾಗ ನನ್ನ ಕೆಲಸ ಬಸವನ ಬಾಗೇವಾಡಿಯ ಕಾಲೇಜಿನಲ್ಲಿತ್ತು. ಮನೆಯಿಂದ ಮನಗೂಳಿ ದಾಟಿ ಅಲ್ಲಿಗೆ ಹೋಗಿ ಬರಲು ದಿನಕ್ಕೆ 86 ಕಿಲೋಮೀಟರ್ ಆಗುತ್ತಿತ್ತು. ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಇದಕ್ಕೆ ನಾಲ್ಕು ಲಕ್ಷ ರೂಪಾಯಿ ಹೆಚ್ಚು ಕೊಡಬೇಕಾಯಿತು. ಆದರೂ ಲೆಕ್ಕ ಕಷ್ಟದ್ದಾಗಿರಲಿಲ್ಲ. ಎಲೆಕ್ಟ್ರಿಕ್ ವಾಹನಗಳ ಮೇಲಿನ ಜಿಎಸ್‌ಟಿ 2019ರ ಆಗಸ್ಟಿನಿಂದ ಶೇ. 5ಕ್ಕೆ ಇಳಿದಿತ್ತು, ನಮ್ಮ ರಾಜ್ಯದಲ್ಲಿ ರಸ್ತೆ ತೆರಿಗೆಯ ವಿನಾಯಿತಿ ಇತ್ತು, ಮತ್ತು 2019ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗೆ ಮಂಜೂರಾದ ಇಂಥ ಸಾಲಗಳ ಬಡ್ಡಿಗೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಆದಾಯ ತೆರಿಗೆಯ 80ಇಇಬಿ ಕಲಮಿನಡಿ ಕಡಿತ ಸಿಗುತ್ತಿತ್ತು. ಉಳಿದ ಅಂತರವನ್ನು ರಸ್ತೆಯೇ ತೀರಿಸಬೇಕಿತ್ತು, ತೀರಿಸಿತು ಕೂಡ. ಈವರೆಗೆ ಓಡಿದ್ದು 88 ಸಾವಿರ ಕಿಲೋಮೀಟರ್. ಚಾರ್ಜಿಂಗ್ ಸಾಕೆಟ್ಟಿನ ಪಕ್ಕದಲ್ಲಿ ಹಾಕಿಸಿದ ಸಬ್ ಮೀಟರು ತೋರಿಸುವುದು 14 ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಯುನಿಟ್. ತೆರಿಗೆ, ನಿಗದಿತ ಶುಲ್ಕಗಳನ್ನೆಲ್ಲ ಸೇರಿಸಿ ಯುನಿಟ್ಟಿಗೆ ಏಳು ರೂಪಾಯಿ ಹಿಡಿದರೂ ಐದು ವರ್ಷದ ಖರ್ಚು ಒಂದು ಲಕ್ಷ. ಲೀಟರಿಗೆ 16 ಕಿಲೋಮೀಟರ್ ಓಡುವ ಪೆಟ್ರೋಲ್ ಕಾರಾಗಿದ್ದರೆ, ಸರಾಸರಿ ನೂರು ರೂಪಾಯಿಯ ದರದಲ್ಲಿ, ಐದೂವರೆ ಲಕ್ಷ ಆಗುತ್ತಿತ್ತು. ಒಂದು ಮಾತನ್ನು ಇಲ್ಲಿ ಸೇರಿಸಬೇಕು: ಮನೆಯ ಬಳಕೆಯೂ ಕಾರಿನ ಬಳಕೆಯೂ ಸೇರಿ ತಿಂಗಳಿಗೆ 200 ಯುನಿಟ್ ಮೀರುತ್ತಿದ್ದುದರಿಂದ ಗೃಹಜ್ಯೋತಿಯ ಲಾಭ ನಮಗೆ ಸಿಗಲಿಲ್ಲ. ಅದನ್ನು ನಷ್ಟದ ಕಡೆ ಬರೆದುಕೊಂಡ ಮೇಲೂ ಕಾರು ತನ್ನ ಹೆಚ್ಚುವರಿ ಬೆಲೆಯನ್ನು ತಾನೇ ದುಡಿದು ಕೊಟ್ಟಿದೆ.

ಹೀಗಿದ್ದ ಮೇಲೆ ಪ್ರಶ್ನೆ ಯಾಕೆ ಎದ್ದಿತು ಎಂದರೆ, ಕಳೆದ ಜೂನ್‌ನಲ್ಲಿ ನನಗೆ ವಿಜಯಪುರಕ್ಕೇ ವರ್ಗವಾಯಿತು. ದಿನಕ್ಕೆ 86 ಕಿಲೋಮೀಟರ್ ಓಡುತ್ತಿದ್ದ ಕಾರು ಈಗ ಎಂಟು ಕಿಲೋಮೀಟರ್ ಓಡಿ, ಉಳಿದ ಹೊತ್ತು ಅಂಗಳದ ಬೇವಿನ ಮರದಡಿ ನಿಲ್ಲುತ್ತದೆ. ಓಡಿದಷ್ಟೂ ಉಳಿತಾಯ ಮಾಡುವ ಗಾಡಿ ನಿಂತರೆ ಏನನ್ನೂ ಉಳಿಸುವುದಿಲ್ಲ. ಜೊತೆಗೆ ಮಗಳು ಧಾರವಾಡದಲ್ಲಿ ಓದಲು ಸೇರಿದಳು. ಅಲ್ಲಿಗೆ ಸುಮಾರು ಇನ್ನೂರು ಕಿಲೋಮೀಟರ್. ನಮ್ಮ ಕಾರು ಒಂದು ಚಾರ್ಜಿನಲ್ಲಿ ನೆಮ್ಮದಿಯಿಂದ ಮುಟ್ಟುವ ದೂರ ಅದಲ್ಲ. ಕಳೆದ ವರ್ಷ ಅವಳನ್ನು ಬಿಟ್ಟು ಮರಳುವಾಗ ದಾರಿಯ ಊರೊಂದರ ಚಾರ್ಜಿಂಗ್ ಕೇಂದ್ರದಲ್ಲಿ ಯಂತ್ರ ಕೆಟ್ಟು ನಿಂತಿತ್ತು. ಸಹಾಯವಾಣಿಗೆ ಕರೆ ಮಾಡುತ್ತ ಕತ್ತಲಲ್ಲಿ ಮೂರು ಗಂಟೆ ಕಾದು, ಕೊನೆಗೆ ಹತ್ತಿರದ ಖಾನಾವಳಿಯವರು ಕರುಣೆಯಿಂದ ಕೊಟ್ಟ ಹದಿನೈದು ಆಂಪಿಯರ್ ಸಾಕೆಟ್ಟಿನಲ್ಲಿ ಚಾರ್ಜ್ ಮಾಡಿಕೊಂಡು ಬೆಳಗಿನ ಜಾವ ಮನೆ ಸೇರಿದೆವು. ಆ ರಾತ್ರಿ ನಮ್ಮ ಮನೆಯವರು ಹೆಚ್ಚು ಮಾತಾಡಲಿಲ್ಲ. ಆದರೆ ಈ ಕಾರನ್ನು ಕೊಟ್ಟುಬಿಡುವ ವಿಚಾರ ಅವರ ಮನಸ್ಸಿನಲ್ಲಿ ಹುಟ್ಟಿದ್ದು ಅಲ್ಲಿಯೇ ಎಂದು ನನಗೆ ಗೊತ್ತು.

ಮೊದಲು ಬೆಲೆ ವಿಚಾರಿಸಿದೆವು. ಎಲ್ಲ ಸೇರಿ ಹದಿನೈದೂವರೆ ಲಕ್ಷ ಕೊಟ್ಟು ತಂದ ಕಾರಿಗೆ ಹಳೆಯ ಕಾರುಗಳ ವ್ಯಾಪಾರಿಯೊಬ್ಬರು ನಾಲ್ಕೂ ಮುಕ್ಕಾಲು ಲಕ್ಷ ಎಂದರು. ಷೋರೂಮಿನವರು ಐದೂಕಾಲು ಲಕ್ಷದ ಜೊತೆ ಹೊಸ ಕಾರಿನ ಮೇಲೆ ಸ್ವಲ್ಪ ಎಕ್ಸ್‌ಚೇಂಜ್ ಬೋನಸ್ ಕೊಡುವುದಾಗಿ ಹೇಳಿದರು. ಅದೇ ವಾರ ವಿಮೆಯ ನವೀಕರಣಕ್ಕೆ ಬಂದ ಪತ್ರದಲ್ಲಿ ಕಾರಿನ ಘೋಷಿತ ಮೌಲ್ಯ ಆರು ಲಕ್ಷ ತೊಂಬತ್ತು ಸಾವಿರ ಇತ್ತು. ಒಂದೇ ವಸ್ತುವಿಗೆ ಒಂದೇ ವಾರದಲ್ಲಿ ಮೂರು ಬೆಲೆ ಬಂದದ್ದನ್ನು ನೋಡಿ, ಈ ಅಂತರ ಎಲ್ಲಿಂದ ಹುಟ್ಟುತ್ತದೆ ಎಂದು ತಿಳಿಯದೆ ತೀರ್ಮಾನ ಮಾಡಬಾರದು ಅನ್ನಿಸಿತು. ವಿಮೆಯವರದು ವಯಸ್ಸಿನ ಪಟ್ಟಿ: ಗಾಡಿ ನಾಲ್ಕು ವರ್ಷ ದಾಟಿ ಐದು ತುಂಬುವವರೆಗೆ ಶೇ. 50 ಸವಕಳಿ ಹಿಡಿಯುತ್ತಾರೆ, ಐದು ವರ್ಷದ ನಂತರ ಇಬ್ಬರೂ ಒಪ್ಪಿದ ಮೌಲ್ಯ. ಅದರಲ್ಲಿ ಬ್ಯಾಟರಿಯ ಆರೋಗ್ಯದ ಪ್ರಶ್ನೆಯೇ ಬರುವುದಿಲ್ಲ. ವ್ಯಾಪಾರಿಗೆ ಇರುವುದು ಅದೊಂದೇ ಪ್ರಶ್ನೆ.

ಆ ವ್ಯಾಪಾರಿ ಪ್ರಾಮಾಣಿಕರು. ಕಾರನ್ನು ಸುತ್ತು ಹಾಕಿ ನೋಡಿ, ಬಾಗಿಲು ತೆರೆದು ಮುಚ್ಚಿ, ಟೈರು ಮುಟ್ಟಿ, ಬಾನೆಟ್ ಎತ್ತಿ, ಕೊನೆಗೆ ಹೇಳಿದರು: “ಗಾಡಿ ಭಾಳ ಚೊಲೋ ಇಟ್ಟೀರಿ ಅಕ್ಕಾರ, ಅದರಾಗ ಎರಡ ಮಾತಿಲ್ಲ. ಆದ್ರ ಬ್ಯಾಟರಿ ಇನ್ನ ಎಷ್ಟ ವರ್ಷ ಬರ್ತೈತಿ ಅಂತ ತಗೊಳ್ಳೋರ ಕೇಳಿದ್ರ ನಾ ಏನ ಹೇಳ್ಲಿ? ನನಗ ಕಾಣಂಗಿಲ್ಲಲ್ರಿ.”

ಅದು ಸಂಕ್ರಮಣದ ವಾರ. ಸಿದ್ಧೇಶ್ವರ ಜಾತ್ರೆ ನಡೆದಿತ್ತು. ತೊರವಿಯ ದನಗಳ ಜಾತ್ರೆಗೆ ತಮ್ಮನ ಜೊತೆ ಹೋದಾಗ ಆ ವ್ಯಾಪಾರಿಯ ಮಾತು ನನ್ನ ತಲೆಯಲ್ಲಿ ಸುತ್ತುತ್ತಲೇ ಇತ್ತು. ನಮ್ಮ ಮುತ್ಯಾ ಖಿಲಾರಿ ಎತ್ತು ಕೊಳ್ಳುವಾಗ ಮಾಡುತ್ತಿದ್ದುದನ್ನೇ ಅಲ್ಲಿ ಇಂದಿಗೂ ಮಾಡುತ್ತಾರೆ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಎಲ್ಲ ಹಲ್ಲೂ ಬಂದು ಬಾಯಿಗೂಡಿದೆಯೋ ಎಂದು ನೋಡಿದರೆ ವಯಸ್ಸು ತಿಳಿಯುತ್ತದೆ. ಆಮೇಲೆ ಗೊರಸು, ಹೆಗಲು, ನಾಲ್ಕು ಹೆಜ್ಜೆ ನಡೆಸಿದರೆ ನಡಿಗೆ. ಮಾರುವವನು ಏನೇ ಹೇಳಲಿ, ಕೊಳ್ಳುವವನ ಬೆರಳಿಗೆ ಸತ್ಯ ಸಿಗುತ್ತದೆ. ಆಮೇಲಷ್ಟೇ ಟವೆಲಿನ ಕೆಳಗೆ ಕೈ ಹಿಡಿದು ಬೆರಳಿನ ಲೆಕ್ಕದಲ್ಲಿ ಬೆಲೆಯ ಮಾತು. ನನ್ನ ಕಾರಿನ ಬ್ಯಾಟರಿಗೆ ಹಲ್ಲಿಲ್ಲ. ಅದು ನೆಲದಡಿಯ ಮುಚ್ಚಿದ ಪೆಟ್ಟಿಗೆಯಲ್ಲಿದೆ. ಕೊಳ್ಳುವವನಿಗೆ ಕಾಣದ್ದಕ್ಕೆ ಅವನು ಅಂಜುತ್ತಾನೆ, ಅಂಜಿಕೆಯಷ್ಟು ಬೆಲೆ ಕಳೆಯುತ್ತಾನೆ. ಅದು ಅವನ ತಪ್ಪಲ್ಲ. ಆದರೆ ಅವನಿಗೆ ಕಾಣದ್ದು ನನಗೆ ಕಾಣುತ್ತದೆಯೇ ಎಂಬುದು ನಾನು ಕೇಳಿಕೊಳ್ಳಬೇಕಾದ ಪ್ರಶ್ನೆಯಾಗಿತ್ತು.

ಕಾಣುತ್ತದೆ. ಕಾರು ಬಂದ ಮೊದಲ ವಾರದಿಂದ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ತಿಂಗಳಿಗೊಮ್ಮೆ ಕಾರನ್ನು ಶೇ. 20ರವರೆಗೆ ಓಡಿಸಿ, ರಾತ್ರಿ ಪ್ಲಗ್ ಹಾಕಿ, ಬೆಳಗ್ಗೆ ಪೂರ್ತಿ ತುಂಬಿದಾಗ ಸಬ್ ಮೀಟರಿನ ಎರಡು ಅಂಕಿಗಳ ವ್ಯತ್ಯಾಸವನ್ನು ಬರೆಯುತ್ತೇನೆ. ನಮ್ಮದು ಸುಮಾರು 30 ಕಿಲೋವ್ಯಾಟ್-ಅವರ್, ಅಂದರೆ 30 ಯುನಿಟ್ ಹಿಡಿಯುವ ಬ್ಯಾಟರಿ. ಅದರ ಶೇ. 80 ಎಂದರೆ 24. ಗೋಡೆಯ ಸಾಕೆಟ್ಟಿನಿಂದ ಬ್ಯಾಟರಿಗೆ ಸೇರುವಷ್ಟರಲ್ಲಿ ಚಾರ್ಜರಿನ ಶಾಖವಾಗಿ ಒಂದಿಷ್ಟು ಸೋರುತ್ತದೆ. ಹಾಗಾಗಿ 2021ರಲ್ಲಿ ಮೀಟರಿನ ಮೇಲೆ 27 ಯುನಿಟ್ ಬರುತ್ತಿತ್ತು. ಈಗ ಬರುವುದು ಇಪ್ಪತ್ತನಾಲ್ಕೂವರೆ. ಐದು ವರ್ಷ, 88 ಸಾವಿರ ಕಿಲೋಮೀಟರ್ ಮತ್ತು ನಮ್ಮ ಊರಿನ ಐದು ಬೇಸಿಗೆಗಳ ನಂತರ ಬ್ಯಾಟರಿ ಕಳೆದುಕೊಂಡದ್ದು ಶೇ. 9ರಷ್ಟು. ಮೊದಲು ಒಂದು ಚಾರ್ಜಿಗೆ 210 ಕಿಲೋಮೀಟರ್ ಓಡುತ್ತಿದ್ದ ಕಾರು ಈಗ 190 ಓಡುತ್ತದೆ. ವ್ಯಾಪಾರಿಯ ಮಾತಿನಲ್ಲಿ ಈ ಬ್ಯಾಟರಿ ಮುಗಿಯುತ್ತ ಬಂದದ್ದು, ನನ್ನ ನೋಟ್‌ಬುಕ್ಕಿನಲ್ಲಿ ಇದು ಇನ್ನೂ ನಾಲ್ಕು ಹಲ್ಲಿನ ಹರೆಯದ ಎತ್ತು.

ಇದು ಯಾಕೆ ಹೀಗೆ ಎಂಬುದನ್ನು ಸ್ವಲ್ಪ ವಿವರಿಸಬೇಕು, ಯಾಕೆಂದರೆ ನಮ್ಮ ಭಾಗದಲ್ಲಿ ಮೊಬೈಲಿನ ಬ್ಯಾಟರಿಯ ಅನುಭವವನ್ನೇ ಎಲ್ಲರೂ ಕಾರಿಗೂ ಅನ್ವಯಿಸುತ್ತಾರೆ. ನಮ್ಮ ಕಾರಿನದು ಲೀಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಜಾನ್ ಗುಡ್‌ಎನಫ್ ಅವರ ತಂಡ 1997ರಲ್ಲಿ ಪ್ರಕಟಿಸಿದ ವಸ್ತು ಅದು. ಅವರಿಗೆ 2019ರಲ್ಲಿ, ಲೀಥಿಯಂ ಅಯಾನ್ ಬ್ಯಾಟರಿಯ ಕೆಲಸಕ್ಕಾಗಿ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೊಶಿನೊ ಅವರ ಜೊತೆ ನೊಬೆಲ್ ಬಂದಾಗ ನಾನು ತರಗತಿಯಲ್ಲಿ ಅದನ್ನು ಬಹಳ ಸಂತೋಷದಿಂದ ಹೇಳಿದ್ದೆ. ಅದರಲ್ಲಿ ಕೋಬಾಲ್ಟ್ ಇಲ್ಲ, ನಿಕ್ಕಲ್ ಇಲ್ಲ. ಅದೇ ತೂಕದಲ್ಲಿ ಕಡಿಮೆ ಶಕ್ತಿ ಹಿಡಿಯುತ್ತದೆ, ಆದರೆ ಹೆಚ್ಚು ಸಲ ತುಂಬಿಸಿ ಖಾಲಿ ಮಾಡಿದರೂ ತಾಳುತ್ತದೆ. ಇಂಥ ಬ್ಯಾಟರಿಯ ವೋಲ್ಟೇಜು ತುಂಬಿದಾಗಲೂ ಅರ್ಧ ಖಾಲಿಯಾದಾಗಲೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವುದರಿಂದ, ಪರದೆಯ ಮೇಲಿನ ಶೇಕಡಾ ಅಂಕಿ ದಿನ ಕಳೆದಂತೆ ದಾರಿ ತಪ್ಪುತ್ತದೆ. ಆಗಾಗ ನಿಧಾನವಾಗಿ ನೂರಕ್ಕೆ ನೂರು ತುಂಬಿಸಿದರೆ ಅದು ಮತ್ತೆ ಸರಿಯಾಗುತ್ತದೆ. ಪರದೆಯ ಅಂಕಿಯನ್ನು ಮಾತ್ರ ನೋಡಿ ಬ್ಯಾಟರಿ ಹೋಯಿತೆಂದು ಗಾಬರಿಯಾದವರನ್ನು ನಾನು ನೋಡಿದ್ದೇನೆ. ಎರಡು ರಾತ್ರಿ ಪೂರ್ತಿ ಚಾರ್ಜ್ ಮಾಡಿದ ಮೇಲೆ ಅವರ ಗಾಬರಿ ಇಳಿಯಿತು.

ಬ್ಯಾಟರಿಯನ್ನು ಸವೆಸುವುದು ಓಟ ಮಾತ್ರ ಅಲ್ಲ, ಕಾಲವೂ ಶಾಖವೂ ಸವೆಸುತ್ತವೆ. ಋಣ ವಿದ್ಯುದ್ವಾರದ ಮೇಲೆ ಒಂದು ತೆಳುವಾದ ಪದರ ಬೆಳೆಯುತ್ತ ಹೋಗುತ್ತದೆ. ಆ ಪದರದೊಳಗೆ ಸಿಕ್ಕಿಬಿದ್ದ ಲೀಥಿಯಂ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ನಾವು ಪಿಯು ಮಕ್ಕಳಿಗೆ ಹೇಳಿಕೊಡುವ ಸ್ಥೂಲ ನಿಯಮ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಈ ಊರಿನಲ್ಲಿ, ಪೂರ್ತಿ ತುಂಬಿದ ಬ್ಯಾಟರಿಯನ್ನು ಬಿಸಿಲಿನಲ್ಲಿ ದಿನಗಟ್ಟಲೆ ನಿಲ್ಲಿಸುವುದು ಅದಕ್ಕೆ ಮಾಡುವ ದೊಡ್ಡ ಅನ್ಯಾಯ. ಬೇಸಿಗೆ ರಜೆಯಲ್ಲಿ ನಾನು ಕಾರನ್ನು ಅರ್ಧ ಚಾರ್ಜಿನಲ್ಲಿ ಬೇವಿನ ನೆರಳಲ್ಲಿ ನಿಲ್ಲಿಸುತ್ತಿದ್ದೆ. ಇದೆಲ್ಲವೂ ಕಾರಿನ ಬೆಲೆಯ ಭಾಗವೇ. ಆದರೆ ವ್ಯಾಪಾರಿಯ ಪಟ್ಟಿಯಲ್ಲಿ ಬೇವಿನ ನೆರಳಿಗೆ ಒಂದು ಕಾಲಮ್ಮು ಇಲ್ಲ.

ಇಲ್ಲಿಗೆ ಬಂದಾಗ ಮಾರುವ ವಿಚಾರ ನನ್ನ ಮಟ್ಟಿಗೆ ಮುಗಿದಿತ್ತು. ಈ ಕಾರಿನ ಬಗ್ಗೆ ನಾನು ಬಲ್ಲದ್ದನ್ನು ಕಾರಿನ ಜೊತೆ ಮಾರಲು ಬರುವುದಿಲ್ಲ. ಅದು ನನ್ನ ಬಳಿ ಇರುವವರೆಗೆ ಮಾತ್ರ ಆ ತಿಳಿವಳಿಕೆಗೆ ಬೆಲೆ. ಬ್ಯಾಟರಿಯ ವಾರಂಟಿ ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. 2029ರ ಜನವರಿಯವರೆಗೆ ಇನ್ನೂ ಮೂರು ವರ್ಷ ಉಳಿದಿದೆ.

ಆದರೂ ಷೋರೂಮಿನ ಮಾತನ್ನು ಗಂಭೀರವಾಗಿ ತೂಗಿ ನೋಡಿದೆ, ಯಾಕೆಂದರೆ ಹೊಸ ಕಾರುಗಳು ನಿಜಕ್ಕೂ ಮುಂದೆ ಹೋಗಿವೆ. ಒಂದೂವರೆ ಪಟ್ಟು ದೊಡ್ಡ ಬ್ಯಾಟರಿ, ಧಾರವಾಡವನ್ನು ಒಂದೇ ಚಾರ್ಜಿನಲ್ಲಿ ಮುಟ್ಟುವ ಭರವಸೆ. ನಮಗೆ ಹತ್ತು ಲಕ್ಷ ಸಾಲ ಬೇಕಾಗುತ್ತಿತ್ತು. ಶೇ. 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳ ಕಂತು 20,758 ರೂಪಾಯಿ, ಬಡ್ಡಿಯೇ ಎರಡೂವರೆ ಲಕ್ಷದ ಹತ್ತಿರ. ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಹೊಸ ಪದ್ಧತಿಯನ್ನೂ ನೋಡಿದೆ. 2024ರ ಸೆಪ್ಟೆಂಬರಿನಲ್ಲಿ ಎಂಜಿಯ ವಿಂಡ್ಸರ್ ಕಾರು ಬಂದಾಗ, ಬ್ಯಾಟರಿ ಬಿಟ್ಟು ಕಾರಿನ ಆರಂಭದ ಬೆಲೆ 9.99 ಲಕ್ಷ, ಬ್ಯಾಟರಿಗೆ ಕಿಲೋಮೀಟರಿಗೆ ಮೂರೂವರೆ ರೂಪಾಯಿ ಎಂದು ಘೋಷಿಸಿದ್ದರು. ನನಗೆ ಆ ಅಂಕಿ ಬಹಳ ಉಪಯೋಗಕ್ಕೆ ಬಂತು. ಮನೆಯ ಕರೆಂಟಿನಲ್ಲಿ ಓಡಲು ಕಿಲೋಮೀಟರಿಗೆ ಒಂದು ರೂಪಾಯಿ ಚಿಲ್ಲರೆ, ಬ್ಯಾಟರಿಯ ಬಾಡಿಗೆ ಮೂರೂವರೆ. ಎಲೆಕ್ಟ್ರಿಕ್ ಕಾರಿನ ನಿಜವಾದ ಇಂಧನ ಬ್ಯಾಟರಿಯೇ, ಕರೆಂಟು ಅದರ ಸಣ್ಣ ಭಾಗ. ಹಾಗಾದರೆ ನನ್ನ ಅಂಗಳದಲ್ಲಿ ನಿಂತಿರುವುದು ಆಗಲೇ ಹಣ ಕೊಟ್ಟು ತುಂಬಿಸಿಟ್ಟ ಹಗೇವು, ಕಾಳು ಕೂಡಿಡುವ ನೆಲದೊಳಗಿನ ಕಣಜ. ಅದನ್ನು ಬಿಟ್ಟು ಹೊಸ ಹಗೇವಿಗೆ ಸಾಲ ಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ.

ಹಳೆಯ ಕಾರಿನ ಬೆಲೆ ಕುಸಿಯಲು ಬೇರೆ ಕಾರಣಗಳೂ ಇವೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದು ಅವು ಅಗ್ಗವಾದವು. ಎಲೆಕ್ಟ್ರಿಕ್ ಕಾರುಗಳದು ಶೇ. 5ರಲ್ಲೇ ಉಳಿಯಿತು. ಹಳೆಯ ಎಲೆಕ್ಟ್ರಿಕ್ ಕಾರನ್ನು ನೋಂದಾಯಿತ ವ್ಯಾಪಾರಿ ಕೊಂಡು ಮಾರಿದರೆ ಅವರ ಲಾಭಾಂಶದ ಮೇಲೆ ಶೇ. 18 ತೆರಿಗೆ. ನಾನು ಇನ್ನೊಬ್ಬ ಗೃಹಸ್ಥರಿಗೆ ನೇರವಾಗಿ ಮಾರಿದರೆ ತೆರಿಗೆಯಿಲ್ಲ. ಆದರೆ ಎಲ್ಲಕ್ಕಿಂತ ದೊಡ್ಡ ಕಾರಣ ಬ್ಯಾಟರಿಯ ಬೆಲೆಯೇ ಇಳಿಯುತ್ತಿರುವುದು. 2024ರಲ್ಲಿ ಜಾಗತಿಕ ಸರಾಸರಿ ಕಿಲೋವ್ಯಾಟ್-ಅವರಿಗೆ 115 ಡಾಲರ್ ಎಂದು ಬ್ಲೂಮ್‌ಬರ್ಗ್‌ನವರ ಸಮೀಕ್ಷೆ ಹೇಳಿತು. ಹದಿನೈದು ವರ್ಷದ ಹಿಂದೆ ಅದು ಸಾವಿರ ಡಾಲರ್ ಮೀರಿತ್ತು. ಅಂಗಡಿಯಲ್ಲಿ ನಮಗೆ ಸಿಗುವ ಬೆಲೆ ಇದಲ್ಲ ಎಂಬುದು ನಿಜ. ಆದರೂ ಇಳಿಮುಖ ಸ್ಪಷ್ಟವಾಗಿದೆ. ಮಾರುವವಳಾಗಿ ನೋಡಿದರೆ ಈ ಇಳಿಕೆ ನನಗೆ ನಷ್ಟ, ಇಟ್ಟುಕೊಳ್ಳುವವಳಾಗಿ ನೋಡಿದರೆ ಮುಂದೊಂದು ದಿನ ಬ್ಯಾಟರಿಯನ್ನೋ ಅದರ ಒಂದು ಭಾಗವನ್ನೋ ಬದಲಿಸಬೇಕಾದಾಗ ನನಗೆ ಅನುಕೂಲ. ಒಂದೇ ಸಂಗತಿ ನಾನು ಯಾವ ಬದಿ ನಿಂತಿದ್ದೇನೆ ಎಂಬುದರ ಮೇಲೆ ಬೇರೆಯಾಗುತ್ತದೆ.

ಇನ್ನೊಂದು ವಿಷಯ ಹಣದ್ದಲ್ಲ. ಬಾಗೇವಾಡಿಯ ದಾರಿಯಲ್ಲಿ ಓಡಾಡುವ ದಿನಗಳಲ್ಲಿ ಕೂಡಗಿಯ 2400 ಮೆಗಾವ್ಯಾಟ್ ಶಾಖೋತ್ಪನ್ನ ಸ್ಥಾವರ ನನ್ನ ಮನಸ್ಸಿನಲ್ಲಿ ಇದ್ದೇ ಇರುತ್ತಿತ್ತು. ನನ್ನ ಕಾರಿಗೆ ಹೊಗೆಯ ಕೊಳವೆ ಇಲ್ಲದಿದ್ದರೂ ಅದರ ಕರೆಂಟಿನ ಒಂದು ಪಾಲು ಕಲ್ಲಿದ್ದಲಿನದು. ಬ್ಯಾಟರಿಯನ್ನು ತಯಾರಿಸುವಾಗಲೂ ಬಹಳಷ್ಟು ಶಕ್ತಿ ಖರ್ಚಾಗಿದೆ. ಆ ಖರ್ಚು ಒಮ್ಮೆ ಆಗಿಹೋದದ್ದು. ಕಾರು ಹೆಚ್ಚು ವರ್ಷ, ಹೆಚ್ಚು ದೂರ ಓಡಿದಷ್ಟೂ ಅದು ಹಂಚಿಹೋಗುತ್ತದೆ. ಐದೇ ವರ್ಷಕ್ಕೆ ಇನ್ನೊಂದು ಬ್ಯಾಟರಿಯನ್ನು ತಯಾರು ಮಾಡಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಮನೆಯವರ ಒಂದು ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. “ನಿಂತ ಗಾಡೀನೂ ಮುಪ್ಪಾಗ್ತದ ಅಂತ ನೀನ ಹೇಳ್ತೀ. ಮತ್ತ ನಿಲ್ಲಿಸಿ ಏನ ಮಾಡೂದು?” ಎಂದು ಅವರು ಕೇಳಿದರು. ಸರಿಯಾದ ಪ್ರಶ್ನೆ. ವಾರಂಟಿಯ ಮೂರು ವರ್ಷಗಳಲ್ಲಿ ನಾನು ಓಡಿಸುವುದು ಹೆಚ್ಚೆಂದರೆ ಹದಿನೈದು ಸಾವಿರ ಕಿಲೋಮೀಟರ್. ಬ್ಯಾಟರಿ ಮಾತ್ರ ಕ್ಯಾಲೆಂಡರಿನ ಲೆಕ್ಕದಲ್ಲಿ ಸವೆಯುತ್ತಲೇ ಇರುತ್ತದೆ. ತುಂಬಿದ ಹಗೇವನ್ನು ತೆರೆಯದೆ ಇಟ್ಟರೆ ಜೋಳಕ್ಕೆ ಹುಳ ಬೀಳುವುದು ನಿಶ್ಚಿತ. ಕೆಲವು ದಿನ ನಾನು ಸುಮ್ಮನಾದೆ.

ಉತ್ತರ ನಮ್ಮ ಅಂಗಳದಲ್ಲೇ, ಇನ್ನೊಂದು ಬದಿಯಲ್ಲಿ ನಿಂತಿತ್ತು. ನಮ್ಮ ಮನೆಯವರ ಕೆಲಸ ಸಿಂದಗಿಯಲ್ಲಿ. ಹೋಗುವುದು 60, ಬರುವುದು 60 ಕಿಲೋಮೀಟರ್. ಹನ್ನೊಂದು ವರ್ಷದಿಂದ ಅವರು ಆ ದಾರಿಯಲ್ಲಿ ತಮ್ಮ ಪೆಟ್ರೋಲ್ ಕಾರನ್ನು ಓಡಿಸುತ್ತಿದ್ದಾರೆ. ನನಗೆ ಬಾಗೇವಾಡಿ ಇದ್ದಾಗ ಎರಡೂ ಕಾರು ಬೇಕಿತ್ತು. ಈಗ ದಿನಕ್ಕೆ ಎಂಟು ಕಿಲೋಮೀಟರಿಗೆ ನನಗೆ ಸ್ಕೂಟಿ ಸಾಕು. ದಿನಕ್ಕೆ 120 ಕಿಲೋಮೀಟರ್ ಪೆಟ್ರೋಲಿನಲ್ಲಿ ಓಡುತ್ತಿರುವಾಗ ಕರೆಂಟಿನ ಕಾರು ನೆರಳಲ್ಲಿ ನಿಂತಿದೆ. ನಾವು ಎರಡು ತಿಂಗಳು ತಪ್ಪು ಗಾಡಿಯನ್ನು ಮಾರುವ ಬಗ್ಗೆ ಚರ್ಚಿಸುತ್ತಿದ್ದೆವು.

ಅವರು ಕೂಡಲೇ ಒಪ್ಪಲಿಲ್ಲ. ಹನ್ನೊಂದು ವರ್ಷ ಜೊತೆಯಾದ ಗಾಡಿಯ ಮೇಲೆ ಪ್ರೀತಿ ಇರುತ್ತದೆ, ಖಾನಾವಳಿಯ ಸಾಕೆಟ್ಟಿನ ರಾತ್ರಿಯ ನೆನಪೂ ಇತ್ತು. ಎಸಿ ಹಾಕಿದ ಬೇಸಿಗೆಯ ಮಧ್ಯಾಹ್ನದಲ್ಲಿ 190 ಎಂಬುದು 160 ಆದರೂ 120ಕ್ಕೆ ಸಾಲುತ್ತದೆ ಎಂದು ನೋಟ್‌ಬುಕ್ಕಿನ ಪುಟ ತೋರಿಸಿ ಹೇಳಿದೆ. ಫೆಬ್ರವರಿಯಲ್ಲಿ ಒಂದು ವಾರ ಪ್ರಯೋಗಕ್ಕೆಂದು ತೆಗೆದುಕೊಂಡು ಹೋದರು. ಐದೂ ದಿನ ಸಂಜೆ ಮನೆಗೆ ಬಂದಾಗ ಶೇ. 30ಕ್ಕಿಂತ ಕೆಳಗೆ ಇಳಿದಿರಲಿಲ್ಲ. ವರ್ಷದಲ್ಲಿ ನಾಲ್ಕೈದು ಬಾರಿ ಧಾರವಾಡಕ್ಕೆ ಹೋಗುವುದಕ್ಕೆ ಬಸ್ಸೋ ರೈಲೋ ಹಿಡಿಯೋಣ, ಸಾಮಾನು ಇದ್ದರೆ ಬಾಡಿಗೆ ಕಾರು ಮಾಡೋಣ ಎಂದು ಅವರೇ ಹೇಳಿದರು.

ಪೆಟ್ರೋಲ್ ಕಾರನ್ನು ಮಾರ್ಚ್ ಮೊದಲ ವಾರದಲ್ಲಿ ಕೊಟ್ಟೆವು. ಕೊಳ್ಳಲು ಬಂದವರು ಇಂಡಿ ಕಡೆಯ ರೈತರು, ಜೊತೆಗೆ ಒಬ್ಬ ಮೆಕ್ಯಾನಿಕ್. ಆತ ಬಾನೆಟ್ ಎತ್ತಿ, ಎಂಜಿನ್ ಶುರು ಮಾಡಿ, ಕಿವಿಗೊಟ್ಟು ಕೇಳಿ, ಆಯಿಲ್ ಕಡ್ಡಿ ಎಳೆದು ಬೆರಳಿಗೆ ಒರೆಸಿಕೊಂಡು ನೋಡಿ, ಹೊಗೆಯ ಬಣ್ಣ ನೋಡಿದ. ಅರ್ಧ ಗಂಟೆಯಲ್ಲಿ ಬೆಲೆ ತೀರಿತು. ಫಾರ್ಮ್ 29, ಫಾರ್ಮ್ 30ಕ್ಕೆ ಸಹಿ ಮಾಡಿ ನಮ್ಮ ಮನೆಯವರು ಕೀಲಿ ಕೊಟ್ಟರು. ಹನ್ನೊಂದು ವರ್ಷದ ಆ ಕಾರು ಕೊಳ್ಳುವವನಿಗೆ ತನ್ನ ಬಾಯಿ ಬಿಟ್ಟು ಹಲ್ಲು ತೋರಿಸಿತು. ಅದಕ್ಕೆ ಸಿಕ್ಕ ಎರಡು ಲಕ್ಷ ಹತ್ತು ಸಾವಿರ ನ್ಯಾಯವಾದ ಬೆಲೆ ಎಂದು ಇಬ್ಬರಿಗೂ ಅನ್ನಿಸಿತು.

ನೋಟ್‌ಬುಕ್ಕು ಈಗಲೂ ಸಬ್ ಮೀಟರಿನ ಕೆಳಗಿನ ಗೂಡಿನಲ್ಲಿದೆ. 2029ರಲ್ಲಿ ವಾರಂಟಿ ಮುಗಿಯುವ ಮೊದಲು ಸರ್ವಿಸ್ ಕೇಂದ್ರದಲ್ಲಿ ಬ್ಯಾಟರಿಯನ್ನು ಪರೀಕ್ಷೆ ಮಾಡಿಸಿ ವರದಿಯನ್ನು ಅದರಲ್ಲಿ ಅಂಟಿಸಬೇಕೆಂದು ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ. ಯಾವತ್ತಾದರೂ ಈ ಕಾರನ್ನು ಕೊಳ್ಳುವವರಿಗೆ ಪುಸ್ತಕವನ್ನೂ ಕೊಡಬೇಕೆಂದಿದ್ದೇನೆ. ಮಾರ್ಚ್ ಕೊನೆಯ ಭಾನುವಾರ ಬೆಳಗ್ಗೆ ಅದನ್ನು ತೆರೆದಾಗ ಆ ತಿಂಗಳ ಸಾಲು ಆಗಲೇ ತುಂಬಿತ್ತು: ಶೇ. 20ರಿಂದ 100, ಇಪ್ಪತ್ತನಾಲ್ಕೂವರೆ ಯುನಿಟ್, ರಾತ್ರಿ ಹತ್ತರಿಂದ. ಅಕ್ಷರ ನನ್ನದಲ್ಲ, ಅವರದು.